ಗೋಡೆ ಹತ್ತಿದ ಹಂಡೆ

ಬಿಸಿನೀರಿನ ಸ್ನಾನ ಭೋಗವೋ ಅಗತ್ಯವೋ ಎಂಬ ಚರ್ಚೆಯನ್ನು ಬಯಲುಸೀಮೆಯವರು ಬೇಕಾದರೆ ಮಾಡಲಿ. ಕೊಲ್ಲಮೊಗ್ರಿನವರಿಗೆ ಆ ಚರ್ಚೆಗೆ ಬಿಡುವಿಲ್ಲ. ಸುಳ್ಯ ತಾಲೂಕಿನ ಮೂಡಣ ಮೂಲೆಯಲ್ಲಿ, ಘಟ್ಟದ ಕಾಡು ಇಳಿದು ಬಂದು ಅಡಿಕೆ ತೋಟವಾಗುವ ಕಡೆ ನಮ್ಮ ಊರು. ಜೂನಿನಲ್ಲಿ ಕೂತ ಮಳೆ ನವರಾತ್ರಿಗೆ ಏಳುತ್ತದೆಂದು ಯಾರೂ ಮಾತು ಕೊಡಲಾರರು. ತೋಟಕ್ಕೆ ಹೋದವನು ಮರಳಿ ಬರುವಾಗ ತಲೆಯಿಂದ ನೀರು ಇಳಿಯುತ್ತದೆ, ಕಾಲಿನಿಂದ ರಕ್ತ. ನೀರು ಆಕಾಶದ್ದು, ರಕ್ತ ಇಂಬಳದ ಕೃಪೆ. ಅಂಥವನು ನೆಟ್ಟಗೆ ಒಳಗೆ ಬರುವ ಪದ್ಧತಿ ನಮ್ಮಲ್ಲಿಲ್ಲ. ಮೊದಲು ಬಚ್ಚಲು ಕೊಟ್ಟಿಗೆ, ಆಮೇಲೆ ಮನೆ. ನೆಂಟರು ಬಂದರೂ ಹಾಗೆಯೇ. 'ಊಟಕ್ಕೆ ಏಳಿ' ಎನ್ನುವುದಕ್ಕೆ ಮುಂಚೆ 'ಮೀಯಲಿಕ್ಕೆ ಬಿಸಿನೀರು ಉಂಟು' ಎನ್ನಬೇಕು. ಅದನ್ನು ಹೇಳದ ಮನೆಯ ಊಟ ಎಷ್ಟು ರುಚಿಯಾಗಿದ್ದರೂ ಮರ್ಯಾದೆಯಲ್ಲಿ ಒಂದು ಮೆಟ್ಟಿಲು ಕೆಳಗೆ.

ನಮ್ಮ ಹಳೆಯ ಬಚ್ಚಲು ಕೊಟ್ಟಿಗೆಯನ್ನು ಕಟ್ಟಿಸಿದವರು ಅಜ್ಜ. ಮನೆಯಿಂದ ಹತ್ತು ಮಾರು ದೂರ. ಎದೆಮಟ್ಟದ ಮಣ್ಣಿನ ಗೋಡೆ. ಅದರ ಮೇಲೆ ಮಾಡಿನವರೆಗೆ ಅಡಿಕೆ ಮರದ ಸೀಳುಗಳು, ಬೆರಳು ತೂರುವಷ್ಟು ಸಂದು ಬಿಟ್ಟು ಕಟ್ಟಿದವು. ಮೇಲೆ ಹೊಗೆ ಹಿಡಿದು ಕಪ್ಪಾದ ಹೆಂಚು. ಮೂಲೆಯಲ್ಲಿ ಒಲೆಯ ಮೇಲೆ ಕೊರಳವರೆಗೆ ಮಣ್ಣು ಮೆತ್ತಿಸಿಕೊಂಡು ಕೂತ ತಾಮ್ರದ ಹಂಡೆ. ಒಲೆಯ ಬಾಯಿ ಕೊಟ್ಟಿಗೆಯ ಹೊರಗೆ, ಅಂಗಳದ ಕಡೆಗೆ. ಹಂಡೆಯ ಬಾಯಿ ಒಳಗೆ, ಮೀಯುವವನ ಕಡೆಗೆ. ಬೆಂಕಿ ಹಾಕುವವರು ಹೊರಗೆ ಇಳಿಮಾಡಿನ ಅಡಿಯಲ್ಲಿ ಕುಕ್ಕುರುಗಾಲಲ್ಲಿ ಕೂತು ಸೋಗೆ, ಗೆರಟೆ, ಅಡಿಕೆ ಸಿಪ್ಪೆ ತುರುಕುವರು. ಮೀಯುವವರು ಒಳಗೆ ಚೆಂಬಿನಲ್ಲಿ ಮೊಗೆದು ಹೊಯ್ದುಕೊಳ್ಳುವರು. ಬಾಗಿಲಿಗೆ ಅಗುಳಿ ಎಂಬುದೇ ಇರಲಿಲ್ಲ. ಬಾಗಿಲ ಮೇಲೆ ಬೈರಾಸು ಬಿದ್ದಿದ್ದರೆ ಒಳಗೆ ಜನ ಉಂಟೆಂದು ಅರ್ಥ, ಇಲ್ಲದಿದ್ದರೆ ಹೋಗಬಹುದು. ಈ ಅಗುಳಿಯಿಲ್ಲದ ಬಾಗಿಲನ್ನು ವಾಚಕರು ದಯವಿಟ್ಟು ನೆನಪಿಡಬೇಕು.

ಆ ಬೆಂಕಿಯ ಯಜಮಾನಿಕೆ ನನ್ನ ಅಕ್ಕನದು. ಭಾವ ತೀರಿಹೋದ ಮೇಲೆ ಅಕ್ಕ ತವರಿಗೆ ಮರಳಿದಳು; ಬಂದ ಮರುದಿನ ಬೆಳಗ್ಗೆ ಯಾರೂ ಹೇಳದೆಯೇ ಒಲೆಯ ಮುಂದೆ ಕೂತಳು. ಅಂದಿನಿಂದ ನಲವತ್ತು ಚಿಲ್ಲರೆ ವರ್ಷ ಆ ಜಾಗ ಬೇರೊಬ್ಬರಿಗೆ ಸಿಗಲಿಲ್ಲ. ಅವಳ ಭಾಷೆಯಲ್ಲಿ ಬೆಂಕಿಯನ್ನು ಹೊತ್ತಿಸುವುದಿಲ್ಲ, ಎಬ್ಬಿಸುವುದು, ಆರಿಸುವುದಿಲ್ಲ, ಮಲಗಿಸುವುದು. ಹೊಗೆಯ ಬಣ್ಣ ನೋಡಿ ಸೌದೆ ಹಸಿಯೋ ಒಣಗಿದ್ದೋ ಹೇಳುವಳು. ಉರಿಯ ಸದ್ದು ಕೇಳಿ ನೀರು ಕಾದಿತೋ ಇಲ್ಲವೋ ಹೇಳುವಳು. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವನು. ಉರಿಯುವಿಕೆ ಎಂಬ ಪಾಠವನ್ನು ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ಆದರೆ ಒದ್ದೆ ಸೋಗೆಗೆ ಬೆಂಕಿ ಹಿಡಿಸು ಎಂದರೆ ಇಂದಿಗೂ ನನ್ನ ಕೈಯಲ್ಲಿ ಆಗದು.

ಹಳೆಯದೆಲ್ಲ ಹೊನ್ನು ಎನ್ನುವ ಜಾತಿಯವನಲ್ಲ ನಾನು. ಆ ಒಲೆಯ ಮುಂದೆ ಅಕ್ಕ ಕೆಮ್ಮಿದ ಕೆಮ್ಮು ನನಗೆ ಗೊತ್ತು. ಮಳೆಗಾಲದಲ್ಲಿ ಸೌದೆ ಕೊಟ್ಟಿಗೆಯೊಳಗೇ ಹಾವು ಕೂತಿರುತ್ತಿದ್ದುದೂ ಗೊತ್ತು. ಮೊದಲಾದರೆ ಸೋಗೆ, ಮಡಲು ಎಳೆದು ತರಲು ಆಳುಗಳಿದ್ದರು; ಈಗ ಅಡಿಕೆ ಕೊಯ್ಯಲಿಕ್ಕೇ ಜನವಿಲ್ಲ. ಮೇಲಾಗಿ ಎಲೆಚುಕ್ಕಿ ರೋಗ ಬಂದು ನಮ್ಮ ಕೊಲ್ಲಮೊಗ್ರು, ಕಲ್ಮಕಾರು ಕಡೆಯ ತೋಟಗಳ ಅವಸ್ಥೆ ನೋಡಿದರೆ, ಸ್ನಾನಕ್ಕೆ ಸೋಗೆ ಆರಿಸುವ ಉತ್ಸಾಹವೂ ಯಾರಿಗೂ ಉಳಿದಿಲ್ಲ. ಎಪ್ಪತ್ತು ದಾಟಿದ ಅಕ್ಕ ಆ ಮಳೆಯಲ್ಲಿ ಕುಕ್ಕುರುಗಾಲಲ್ಲಿ ಕೂರುವುದನ್ನು ನೋಡುತ್ತ ಇರುವುದು ನನಗೂ ನನ್ನ ಹೆಂಡತಿಗೂ ಆಗುತ್ತಿರಲಿಲ್ಲ. ಆದ್ದರಿಂದ ಮನೆಯ ಹಿಂಬದಿಯನ್ನು ರಿಪೇರಿ ಮಾಡಿಸುವಾಗ ಒಳಗೇ ಒಂದು ಬಚ್ಚಲು ಮಾಡಿಸಿದೆವು. ಆರಡಿ ಉದ್ದ, ಐದಡಿ ಅಗಲ, ಎಂಟಡಿ ಎತ್ತರ. ನಾಲ್ಕೂ ಕಡೆ ಹೊಳೆಯುವ ಬಿಳಿ ಟೈಲ್ಸು.

ಬಚ್ಚಲಾಯಿತು, ನೀರು ಕಾಯಿಸುವುದು ಹೇಗೆ? ಸೂರ್ಯನನ್ನು ನಂಬೋಣವೆಂದರೆ ಬಿಸಿನೀರು ಬೇಕಾದ ನಾಲ್ಕು ತಿಂಗಳೂ ಆತ ರಜೆಯಲ್ಲಿರುತ್ತಾನೆ. ಕರೆಂಟನ್ನು ನಂಬೋಣವೆಂದರೆ, 2022ರ ಆಗಸ್ಟಿನ ಮೊದಲ ವಾರ ನೆನಪಿಗೆ ಬರುತ್ತದೆ. ಸುಬ್ರಹ್ಮಣ್ಯ, ಹರಿಹರ, ಕೊಲ್ಲಮೊಗ್ರು, ಕಲ್ಮಕಾರುಗಳಲ್ಲಿ ಹೊಳೆ ಉಕ್ಕಿ, ಗುಡ್ಡ ಜಾರಿ, ಸಂಕಗಳು ಕೊಚ್ಚಿಹೋದ ವಾರವದು. ನಮ್ಮ ಮನೆಯಲ್ಲಿ ಎಷ್ಟು ದಿನ ಕತ್ತಲೆಯಿತ್ತೋ ನಾನು ಎಣಿಸಲಿಲ್ಲ. ಮೊಂಬತ್ತಿ ಮುಗಿದದ್ದು ಮಾತ್ರ ನೆನಪಿದೆ. ಕರೆಂಟು ಇದ್ದ ದಿನವೂ ಸಂಜೆ ಹೊತ್ತು ಬಲ್ಬು ಮಿಣುಕುಹುಳದ ಹಾಗೆ. ಅದರಿಂದ ಒಂದು ಹಂಡೆ ನೀರು ಕಾಯುವುದೆಂದರೆ ಮದುವೆ ನಿಶ್ಚಯಕ್ಕೆ ಇಟ್ಟ ನೀರು ಮದುವೆಗೆ ಒದಗೀತು. ಬೆಂಗಳೂರಿನಲ್ಲಿರುವ ಮಗ ಫೋನು ಮಾಡಿ, "ಅಪ್ಪಾ, ಗ್ಯಾಸ್ ಗೀಸರ್ ಹಾಕಿಸಿ. ಗೋಡೆಗೆ ತೂಗುಹಾಕುವ ಪೆಟ್ಟಿಗೆ. ನಲ್ಲಿ ತಿರುಗಿಸಿದರೆ ಬಿಸಿನೀರು. ಕರೆಂಟು ಬೇಡ, ಎರಡು ಟಾರ್ಚಿನ ಸೆಲ್ಲು ಸಾಕು" ಎಂದ. ಅದಾದ ಹದಿನೈದು ದಿನಗಳಲ್ಲಿ ಪೆಟ್ಟಿಗೆ ಪೇಟೆಯಿಂದ ಜೀಪು ಹತ್ತಿ ಬಂತು.

ಕೂರಿಸಲು ಬಂದ ಹುಡುಗ ಕೆಲಸ ಬಲ್ಲವನು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಆದದ್ದರಲ್ಲಿ ಅವನ ಪಾಲು ಇಲ್ಲ. ಬಚ್ಚಲನ್ನು ಸುತ್ತ ನೋಡಿದ. ಮೇಲಿನ ಗಾಳಿಕಿಂಡಿಯನ್ನು ನೋಡಿದ. ಆಮೇಲೆ, "ಮಾಸ್ಟ್ರೇ, ಇದನ್ನು ಹೊರಗಿನ ಗೋಡೆಗೆ ಹಾಕುವ. ಬಿಸಿನೀರಿನ ಪೈಪು ಮಾತ್ರ ಒಳಗೆ ತರುವ" ಎಂದ.

"ಹೊರಗೆ ಯಾಕೆ ಮಾರಾಯ? ಇಲ್ಲಿ ನಲ್ಲಿಯ ಹತ್ತಿರವೇ ಜಾಗ ಉಂಟಲ್ಲ."

"ಒಳಗೆ ಇಟ್ಟರೆ ಗಾಳಿ ಸಾಲುವುದಿಲ್ಲ ಅಂತ ಕಾಗದದಲ್ಲೇ ಬರೆದಿದ್ದಾರೆ."

ನನ್ನ ಕಾರಣಗಳನ್ನು ಕೇಳಿ. ಹೊರಗೆ ಇರಚಲು ಬಡಿದು ಪೆಟ್ಟಿಗೆ ತುಕ್ಕು ಹಿಡಿದೀತು. ಇಲಿ ರಬ್ಬರಿನ ಕೊಳವೆ ಕಡಿದೀತು. ಪೈಪು ಉದ್ದವಾದರೆ ಬರುವಾಗಲೇ ನೀರು ತಣಿದೀತು. ಇವೆಲ್ಲ ಬಾಯಿಂದ ಹೇಳಿದ ಕಾರಣಗಳು. ಹೇಳದೆ ಉಳಿದ ಕಾರಣ ಒಂದೇ: ಆ ಬಿಳಿ ಟೈಲ್ಸಿನ ನಡುವೆ ಆ ಬೆಳ್ಳಿಬಣ್ಣದ ಪೆಟ್ಟಿಗೆ ಚೆಂದ ಕಾಣುತ್ತಿತ್ತು, ಹೊರಗೆ ಹಾಕಿದರೆ ನೆಂಟರ ಕಣ್ಣಿಗೆ ಬೀಳುತ್ತಿರಲಿಲ್ಲ. ಹುಡುಗ ಇನ್ನೊಂದು ಸಲ ಹೇಳಿದ. ನಾನು ಮಾಸ್ಟ್ರ ದನಿಯಲ್ಲಿ, "ನೀನು ಹಾಕು, ನಾನು ಜವಾಬ್ದಾರಿ" ಎಂದೆ. ಆತ ಸುಮ್ಮನಾಗಿ ಗೋಡೆಗೆ ತೂತು ಕೊರೆದ. ಹೋಗುವಾಗ, ಗಾಳಿಕಿಂಡಿ ಮುಚ್ಚಬೇಡಿ ಎಂದು ಹೇಳಿಯೇ ಹೋದ. ಕಾಗದವನ್ನು ನಾನು ಓದದೆ ಮೇಜಿನ ಡ್ರಾಯರಿಗೆ ಹಾಕಿದೆ. ಗಾಳಿಕಿಂಡಿಯಿಂದ ಒಂದು ದಿನ ಬಾವಲಿ ಬಂತು, ಇನ್ನೊಂದು ದಿನ ಶತಪದಿ. ಮೂರನೆಯ ದಿನ ನಾನೇ ಏಣಿ ಹತ್ತಿ ಅದಕ್ಕೆ ಗಾಜಿನ ಹಲಗೆ ಕೂರಿಸಿದೆ. ಒಳಗೆ ಬೆಚ್ಚಗಾಯಿತು ಎಂದು ಎಲ್ಲರೂ ಮೆಚ್ಚಿದರು.

ಎಲ್ಲರೂ ಎಂದರೆ ಅಕ್ಕನೊಬ್ಬಳನ್ನು ಬಿಟ್ಟು. "ಒಲೆಯನ್ನು ಬಚ್ಚಲೊಳಗೆ ತಂದು ಇಟ್ಟಿಯಲ್ಲ, ತಮ್ಮ" ಎಂದಳು. ಇದು ಒಲೆಯಲ್ಲ ಅಕ್ಕಾ, ಯಂತ್ರ ಎಂದೆ. "ಉರಿ ಕಾಣುತ್ತದಲ್ಲ" ಎಂದಳು. ಪೆಟ್ಟಿಗೆಯ ಮುಂದೆ ಒಂದು ಸಣ್ಣ ಕಿಂಡಿ. ಅದರಲ್ಲಿ ನೀಲಿ ಉರಿಯ ಸಾಲು ಕಾಣುತ್ತಿತ್ತು. ಅವಳು ಮೀಯುವುದಕ್ಕೆ ಮುಂಚೆ ದಿನವೂ ಅದನ್ನು ಬಗ್ಗಿ ನೋಡುವಳು, ಹಳೆಯ ಅಭ್ಯಾಸ. ಕೆಲವು ತಿಂಗಳು ಕಳೆದ ಮೇಲೆ ಒಂದು ಬೆಳಗ್ಗೆ, "ಇದರ ಬೆಂಕಿಯ ಬಣ್ಣ ಬದಲಾಗಿದೆ, ಹಳದಿಯಾಗಿದೆ" ಎಂದಳು. ನಾನು ಪತ್ರಿಕೆಯಿಂದ ತಲೆಯೆತ್ತದೆ, ಇರಲಿ ಎಂದೆ. ಮತ್ತೆ ಒಂದು ವಾರಕ್ಕೆ, ಮಿಂದು ಬಂದರೆ ತಲೆ ಸಿಡಿಯುತ್ತದೆ, ಜಗಲಿಯಲ್ಲಿ ಸ್ವಲ್ಪ ಕೂತರೆ ಸರಿಯಾಗುತ್ತದೆ ಎಂದಳು. ಪಿತ್ತ ಎಂದೆ. ಜೀರಿಗೆ ಕಷಾಯ ಆಯಿತು, ಹಣೆಗೆ ಅಮೃತಾಂಜನ ಆಯಿತು. ಹಳದಿ ಉರಿ ಎಂದರೆ ಅರೆಬರೆ ದಹನ. ಅರೆಬರೆ ದಹನದಲ್ಲಿ ಹುಟ್ಟುವ ಅನಿಲ ತಲೆನೋವು ತರುತ್ತದೆ. ಈ ಎರಡು ವಾಕ್ಯಗಳನ್ನು ನಾನು ಮೂವತ್ತು ವರ್ಷ ಕರಿಹಲಗೆಯ ಮೇಲೆ ಬರೆದವನು. ನನ್ನ ಮನೆಯ ಗೋಡೆಯ ಮೇಲೆ ಅದೇ ಪಾಠ ಹಳದಿ ಅಕ್ಷರದಲ್ಲಿ ಬರೆದಿದ್ದಾಗ ಓದಲು ಬರಲಿಲ್ಲ.

2023ರ ಜುಲೈ, ಒಂದು ಭಾನುವಾರ. ಮಳೆ ಅಂಗಳವನ್ನು ಕಾಣಿಸದಂತೆ ಹೊಡೆಯುತ್ತಿತ್ತು. ಮೊದಲು ನಾನು ಮಿಂದೆ; ಹಾಯಾಗಿ, ನಿಧಾನವಾಗಿ. ಆಮೇಲೆ ನನ್ನ ಹೆಂಡತಿ. ಮೂರನೆಯವಳಾಗಿ ಅಕ್ಕ ಹೋದಳು. ನಾನು ಕಾಫಿ ಕುಡಿಯುತ್ತಿದ್ದೆ. ಅಡಿಗೆ ಮನೆಯಿಂದ ಹೆಂಡತಿ ಬಂದು, "ಚೆಂಬಿನ ಸದ್ದು ಕೇಳುವುದಿಲ್ಲ" ಎಂದಳು. ಕಿವಿಗೊಟ್ಟೆ. ನೀರು ಬೀಳುತ್ತಿತ್ತು, ಆದರೆ ಒಂದೇ ಸಮನೆ, ಬರಿಯ ನೆಲಕ್ಕೆ. ಮೀಯುವವರಿದ್ದರೆ ಬೀಳುವ ನೀರಿಗೆ ಒಂದು ತಾಳವಿರುತ್ತದೆ; ಅದಿರಲಿಲ್ಲ.

ಹೊಸ ಬಚ್ಚಲಿನ ಬಾಗಿಲಿಗೆ ಒಳ್ಳೆಯ ಸ್ಟೀಲಿನ ಚಿಲಕವಿತ್ತು. ಅಕ್ಕ ಅದನ್ನು ಒಂದು ದಿನವೂ ಹಾಕಿದವಳಲ್ಲ. ಬಾಗಿಲ ಮೇಲೆ ಬೈರಾಸು ಬಿದ್ದಿತ್ತು. ಹೆಂಡತಿ ತಳ್ಳಿದಳು, ತೆರೆಯಿತು. ಚಿಲಕ ಹಾಕಿದ್ದರೆ ನಾನು ಕೊಡಲಿ ಹುಡುಕಬೇಕಾಗಿತ್ತು. ನಮ್ಮ ಕೊಡಲಿ ಹಳೆಯ ಸೌದೆ ಕೊಟ್ಟಿಗೆಯಲ್ಲಿ ಎಲ್ಲಿತ್ತೋ ನನಗೆ ತಿಳಿಯದು.

ಇಬ್ಬರೂ ಸೇರಿ ಜಗಲಿಗೆ ಎತ್ತಿ ತಂದೆವು. ಉಸಿರಿತ್ತು. ಐದಾರು ನಿಮಿಷಕ್ಕೆ ಕಣ್ಣು ಬಿಟ್ಟಳು. ಕೊರೋನಾ ಕಾಲದಲ್ಲಿ ಕೊಂಡ, ಬೆರಳಿಗೆ ಸಿಕ್ಕಿಸುವ ಯಂತ್ರ ಮನೆಯಲ್ಲಿತ್ತು. ತಂದು ಹಾಕಿದೆ. 98 ಎಂದು ತೋರಿಸಿತು. ನೂರಕ್ಕೆ ತೊಂಬತ್ತೆಂಟು! ನನ್ನ ಶಾಲೆಯಲ್ಲಿ ಆ ಅಂಕ ಯಾರಿಗೂ ಬಂದದ್ದಿಲ್ಲ. ಹೆದರುವುದೇನಿಲ್ಲ, ತಲೆ ತಿರುಗಿ ಬಿದ್ದದ್ದು ಎಂದು ಹೆಂಡತಿಗೆ ಹೇಳಿ ಅರ್ಧ ಗಂಟೆ ಕಳೆದೆ. ಆ ಅರ್ಧ ಗಂಟೆ ಈಗಲೂ ಕೆಲವು ರಾತ್ರಿ ನನ್ನನ್ನು ಎಬ್ಬಿಸುತ್ತದೆ. ಆಮೇಲೆ ಅಕ್ಕ ವಾಂತಿ ಮಾಡಿಕೊಂಡಳು. ನನ್ನ ಮುಖ ನೋಡಿ, "ಅಪ್ಪನದು ಮಿಂದಾಯಿತಾ? ಬೆಂಕಿ ಮಲಗಿಸಲಾ?" ಎಂದು ಕೇಳಿದಳು. ನಮ್ಮ ತಂದೆ ತೀರಿ ಆಗ ಮೂವತ್ತೆಂಟು ವರ್ಷ. ಜೀಪು ತರಿಸಿ, ಆ ಮಳೆಯಲ್ಲಿ ಸುಳ್ಯಕ್ಕೆ ಹೊರಟೆವು.

ಆಸ್ಪತ್ರೆಯಲ್ಲಿದ್ದವರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಬಚ್ಚಲಲ್ಲಿ ಬಿದ್ದರು ಎಂದು ನಾನು ಹೇಳಿ ಮುಗಿಸುವ ಮೊದಲೇ, "ಮನೆಯಲ್ಲಿ ಗ್ಯಾಸ್ ಗೀಸರ್ ಉಂಟಾ?" ಎಂದು ಕೇಳಿದರು. ಅಕ್ಕನ ಮೂಗು ಬಾಯಿಗೆ ಆಮ್ಲಜನಕದ ಮುಖವಾಡ ಏರಿತು. ನಾನು ಆ 98ರ ಸಾಕ್ಷಿಯನ್ನು ಮುಂದಿಟ್ಟೆ. ಆಕೆ ತಲೆಯಾಡಿಸಿದರು. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕ ಒಲವು ಈ ಇಂಗಾಲದ ಮೊನಾಕ್ಸೈಡಿನ ಮೇಲೆ. ಅದು ಬಂದು ಕೂತರೆ ಆಮ್ಲಜನಕಕ್ಕೆ ಜಾಗವಿಲ್ಲ. ಬೆರಳಿನ ಯಂತ್ರ ನೋಡುವುದು ರಕ್ತದ ಕೆಂಪನ್ನು. ಮೊನಾಕ್ಸೈಡು ಕೂತ ರಕ್ತವೂ ಕೆಂಪೇ. ಕಳ್ಳನನ್ನೂ ಯಜಮಾನನನ್ನೂ ಅದು ಒಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಬರಿಯ ಗಾಳಿಯಲ್ಲಿ ಆ ವಿಷ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಒಂದು, ಒಂದೂವರೆ ಗಂಟೆ. "ಅದಕ್ಕೆ ಬಣ್ಣವಿಲ್ಲ ನೋಡಿ" ಎಂದು ಆಕೆ ಶುರುಮಾಡಿದರು. "ವಾಸನೆಯಿಲ್ಲ, ರುಚಿಯಿಲ್ಲ" ಎಂದು ನಾನು ಮುಗಿಸಿದೆ. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಅದು. ಎಷ್ಟು ಮಕ್ಕಳಿಗೆ ಆ ಒಂದು ಅಂಕ ಕೊಟ್ಟಿದ್ದೇನೆ!

ಅಕ್ಕ ಎರಡು ದಿನಕ್ಕೆ ಮನೆಗೆ ಬಂದಳು. ಕೆಲವು ವಾರಗಳ ಮೇಲೂ ಮರೆವು, ನಡೆಯಲ್ಲಿ ತೊಡಕು ಕಾಣಿಸಬಹುದು, ನೋಡಿಕೊಳ್ಳಿ ಎಂದಿದ್ದರು. ದೇವರ ದಯೆ, ಹಾಗೇನೂ ಆಗಲಿಲ್ಲ. ಆದರೆ ಆ ಎರಡು ತಿಂಗಳು ಅವಳು ಉಪ್ಪು ಹಾಕಲು ಮರೆತರೂ ನನ್ನ ಎದೆ ಧಸಕ್ಕೆನ್ನುತ್ತಿತ್ತು.

ತಪ್ಪಿತಸ್ಥನಾದ ಮಾಸ್ತರನು ಪುಸ್ತಕ ಹುಡುಕುತ್ತಾನೆ. ಬೇರೆ ಪ್ರಾಯಶ್ಚಿತ್ತ ಅವನಿಗೆ ತಿಳಿಯದು. ನಾನೂ ಹುಡುಕಿದೆ. ಮನೆಯ ನೀರನ್ನು ನಿಂತ ನಿಲುವಿಗೇ ಅನಿಲದಿಂದ ಕಾಯಿಸುವ ಯಂತ್ರವನ್ನು 1868ರಲ್ಲಿ ಮಾಡಿದವನು ಲಂಡನ್ನಿನ ಬೆಂಜಮಿನ್ ವಾಡಿ ಮಾಘನ್. ಐಸ್‌ಲೆಂಡಿನ ಬಿಸಿನೀರ ಬುಗ್ಗೆಯ ಹೆಸರನ್ನು ಅದಕ್ಕಿಟ್ಟು ಗೀಸರ್ ಎಂದು ಕರೆದ. ಅವನ ಯಂತ್ರಕ್ಕೆ ಹೊಗೆ ಹೋಗಲು ಕೊಳವೆಯೇ ಇರಲಿಲ್ಲ! ಅಂದರೆ ನಾನು 2023ರಲ್ಲಿ ಮಾಡಿದ ತಪ್ಪಿಗೆ ನೂರೈವತ್ತು ವರ್ಷದ ವಂಶಾವಳಿ ಇದೆ. ಮುಂದೆ ಯುದ್ಧವಿಮಾನಗಳಿಗೆ ಹೆಸರಾದ ಜರ್ಮನಿಯ ಹ್ಯೂಗೋ ಯುಂಕರ್ಸ್ ಮೊದಲು ಹಣ ಕಂಡದ್ದು ಇಂಥ ಸ್ನಾನದ ಯಂತ್ರಗಳಿಂದ. ಫ್ರಾನ್ಸಿನ ಕಾದಂಬರಿಕಾರ ಎಮಿಲ್ ಜೋಲಾ 1902ರಲ್ಲಿ ಪ್ಯಾರಿಸಿನ ತನ್ನ ಮನೆಯಲ್ಲಿ ಮಲಗಿದವನು ಏಳಲಿಲ್ಲ. ಕೋಣೆಯ ಅಗ್ಗಿಷ್ಟಿಕೆಯ ಹೊಗೆಗೂಡು ಕಟ್ಟಿಹೋಗಿತ್ತು. ಜಗತ್ತನ್ನೇ ಎದುರು ಹಾಕಿಕೊಂಡು ಬರೆದವನನ್ನು ಕೊಂದದ್ದು ನನ್ನ ಬಚ್ಚಲಿನಲ್ಲಿ ಹುಟ್ಟಿದ ಅದೇ ಅನಿಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಕನ್ನಡ ನಾಡಿನಲ್ಲಿ, ಅದರಲ್ಲೂ ದಕ್ಷಿಣದ ಜಿಲ್ಲೆಗಳಲ್ಲಿ, ತಲೆಯ ಮೇಲೆ ಬಿಸಿನೀರು ಹೊಯ್ದುಕೊಂಡಾಗ ಬರುವ ಒಂದು ಬಗೆಯ ಮೂರ್ಛೆರೋಗವುಂಟು; ನಿಮ್ಹಾನ್ಸಿನ ವೈದ್ಯರು ಅದನ್ನು ಬಹಳ ಕಾಲ ಅಭ್ಯಾಸ ಮಾಡಿದ್ದಾರೆ. ಗ್ಯಾಸ್ ಗೀಸರ್ ಬಂದ ಮೇಲೆ ಬಚ್ಚಲಿನಲ್ಲಿ ಬಿದ್ದು ಸೆಟೆದುಕೊಂಡವರಲ್ಲಿ ಕೆಲವರದು ಆ ರೋಗವೇ ಅಲ್ಲ, ಮುಚ್ಚಿದ ಕೋಣೆಯ ವಿಷ ಎಂಬುದು ನರರೋಗ ವೈದ್ಯರ ಗಮನಕ್ಕೆ ಬಂತು. ವಿಷವೆಂದು ತಿಳಿಯದಿದ್ದರೆ ಔಷಧಿ ನುಂಗುತ್ತ ಮತ್ತೆ ಅದೇ ಬಚ್ಚಲಿಗೆ ಹೋಗುವುದು. ಪಿತ್ತವೆಂದು ಕಷಾಯ ಕುಡಿಸಿದವನು ಈ ವಿಷಯದಲ್ಲಿ ಯಾರನ್ನೂ ನಗುವಂತಿಲ್ಲ.

ಡ್ರಾಯರಿನಿಂದ ಆ ಕಾಗದವನ್ನು ತೆಗೆದು, ಅದರ ಬೆನ್ನಿನ ಮೇಲೆಯೇ ಒಂದು ಲೆಕ್ಕ ಮಾಡಿದೆ. ಒಂದು ಕಿಲೋ ಅಡಿಗೆ ಅನಿಲ ಸರಿಯಾಗಿ ಉರಿಯಲು ಸುಮಾರು 12 ಘನ ಮೀಟರು ಗಾಳಿ ಬೇಕು. ನಿಮಿಷಕ್ಕೆ 6 ಲೀಟರು ನೀರು ಕಾಯಿಸುವ ನನ್ನ ಪೆಟ್ಟಿಗೆ ಪೂರ್ತಿ ಉರಿದರೆ ಗಂಟೆಗೆ ಮುಕ್ಕಾಲು ಕಿಲೋಗೂ ಮಿಕ್ಕಿ ತಿನ್ನುತ್ತದೆ. ಎಂದರೆ 9 ಘನ ಮೀಟರಿಗೂ ಹೆಚ್ಚು ಗಾಳಿ. ನನ್ನ ಬಚ್ಚಲಿನಲ್ಲಿ ಇದ್ದ ಗಾಳಿ 240 ಘನ ಅಡಿ, ಏಳು ಘನ ಮೀಟರಿಗೂ ಕಡಿಮೆ. ಅದರಲ್ಲಿ ಮೀಯುವವನ ಉಸಿರಿನ ಪಾಲೂ ಬರಬೇಕು. ಮೂವರು ಹತ್ತು ಹತ್ತು ನಿಮಿಷ ಮಿಂದರೆ, ಬಾಗಿಲ ಸಂದಿನಿಂದ ಬಂದದ್ದನ್ನು ಬಿಟ್ಟರೆ, ಕೋಣೆಯ ಗಾಳಿಯಲ್ಲಿ ಮೂರರಲ್ಲಿ ಎರಡು ಪಾಲು ಬೆಂಕಿಯ ಬಾಯಿಗೆ. ಪೂರ್ತಿ ಮುಗಿಯುವವರೆಗೂ ಬೆಂಕಿ ಕಾಯುವುದಿಲ್ಲ. ಆಮ್ಲಜನಕ ಇಳಿಯತೊಡಗಿದ ಕೂಡಲೇ ಅದು ಅರೆಹೊಟ್ಟೆಯಲ್ಲಿ ಉರಿಯುತ್ತ ವಿಷವನ್ನು ಉಗುಳುತ್ತದೆ. ಯಂತ್ರಕ್ಕೆ ಇಪ್ಪತ್ತು ನಿಮಿಷಕ್ಕೆ ತಾನೇ ಆರುವ ವ್ಯವಸ್ಥೆಯೂ ಇತ್ತು. ಆದರೆ ನಲ್ಲಿ ನಿಲ್ಲಿಸಿ ತಿರುಗಿಸಿದಾಗಲೆಲ್ಲ ಅದರ ಲೆಕ್ಕ ಮೊದಲಿನಿಂದ ಶುರು. ಒಳ್ಳೆಯ ಗಾಳಿಯಲ್ಲಿ ಮಿಂದು ಬಂದವನು ನಾನು. ನನ್ನದೂ ನನ್ನ ಹೆಂಡತಿಯದೂ ಉಳಿಕೆಯನ್ನು ಉಸಿರಾಡಿದವಳು ಅಕ್ಕ. ಈ ಸಾಲನ್ನು ಆ ಕಾಗದದ ಮೇಲೆ ಬರೆಯಲಿಲ್ಲ.

ಅದೇ ಹುಡುಗನಿಗೆ ಹೇಳಿಕಳಿಸಿದೆ. ಬಂದ. 'ನಾನು ಹೇಳಿದ್ದೆನಲ್ಲ' ಎನ್ನಲಿಲ್ಲ. ಆ ಸೌಜನ್ಯ ನನಗೆ ಇನ್ನಷ್ಟು ಚುಚ್ಚಿತು. ಈ ಸಲ ನಾನು ಏಣಿ ಹಿಡಿಯುವ ಕೆಲಸ ಮಾತ್ರ ಮಾಡಿದೆ.

ಬಚ್ಚಲಿನ ಹೊರಗೋಡೆಗೆ, ಹಿಂದಿನ ಜಗಲಿಯ ಮಾಡಿನ ಕೆಳಗೆ, ಇರಚಲು ತಾಗದಷ್ಟು ಒಳಗೆ, ಆದರೆ ಮೂರು ಕಡೆ ತೆರೆದ ಜಾಗದಲ್ಲಿ ಪೆಟ್ಟಿಗೆ ಏರಿತು. ನಮ್ಮದು ಕೆಂಪುಕಲ್ಲಿನ ಗೋಡೆ. ಸಣ್ಣ ತಿರುಪು ಹಾಕಿದರೆ ಕಲ್ಲು ಹುಡಿಯಾಗಿ ಉದುರುತ್ತದೆ. ಹುಡುಗ ಉದ್ದದ ಬೋಲ್ಟು ತಂದು, ತೂತಿಗೆ ಸಿಮೆಂಟು ತುಂಬಿ, ಒಂದು ದಿನ ಒಣಗಲು ಬಿಟ್ಟು ಮರುದಿನ ತೂಗುಹಾಕಿದ. ಉರಿಯ ಕಿಂಡಿ ನಿಂತವರ ಕಣ್ಣಿನ ಮಟ್ಟಕ್ಕೆ ಇರಬೇಕೆಂದ. ಅಕ್ಕನನ್ನು ಕರೆದು ನಿಲ್ಲಿಸಿ ಅವಳ ಕಣ್ಣಿನ ಅಳತೆಗೇ ಗುರುತು ಹಾಕಿಸಿದೆ. ಬಿಸಿನೀರಿನ ಪೈಪು ಗೋಡೆ ತೂರಿ ಒಳಗೆ ಹೋಯಿತು. ಪೈಪಿನ ಸುತ್ತ ಉಳಿದ ಸಂದನ್ನು, ಹೊಗೆ ಅಲ್ಲಿಂದ ಒಳನುಗ್ಗದಂತೆ, ಗಾರೆಯಿಂದ ಮುಚ್ಚಿದ. ಬಚ್ಚಲಿನ ಗಾಳಿಕಿಂಡಿಯ ನೇರ ಕೆಳಗೆ ಪೆಟ್ಟಿಗೆ ಬರದ ಹಾಗೆ ಪಕ್ಕಕ್ಕೆ ಸರಿಸಿದ. ಕಿಂಡಿಯ ಗಾಜನ್ನು ನಾನೇ ತೆಗೆದೆ. ಬಾವಲಿಗೆ ಅಡ್ಡವಾಗಿ ತಂತಿಯ ಬಲೆ ಬಂತು.

ಸಿಲಿಂಡರು, 14.2 ಕಿಲೋದ್ದು, ನೆಲದ ಮಟ್ಟದಲ್ಲಿ ನೆಟ್ಟಗೆ ನಿಂತಿದೆ. ಅದನ್ನು ತಗ್ಗಿನಲ್ಲಿ ಇಡಬಾರದು; ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ನೀರಿನ ಹಾಗೆ ತಗ್ಗಿಗೆ ಹರಿದು ಕೂರುತ್ತದೆ. ರಬ್ಬರಿನ ಕೊಳವೆ ಒಂದೂವರೆ ಮೀಟರಿನೊಳಗೆ. ಮುದ್ರೆಯಿದ್ದ ಗಟ್ಟಿಯದು, ಐದು ವರ್ಷಕ್ಕೆ ಬದಲಿಸತಕ್ಕದ್ದು. ಅಡಿಗೆಮನೆಯ ಸಿಲಿಂಡರಿನಿಂದಲೇ ಕವಲು ತೆಗೆದರೆ ಸಾಲದೇ ಎಂದು ನಾನು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಜೋಡಣೆಗಳಿಗೆ ಸಾಬೂನಿನ ನೊರೆ ಹಚ್ಚಿ, ಗುಳ್ಳೆ ಏಳುತ್ತದೋ ಎಂದು ನೋಡಿದ. ಕಡ್ಡಿ ಗೀರಿ ನೋಡುವ ಶೂರರೂ ನಮ್ಮ ಊರಲ್ಲಿದ್ದಾರೆ.

ಇಷ್ಟಾದ ಮೇಲೆ ಹಳದಿ ಉರಿಯ ಕಾರಣ ಹುಡುಕಿದ. ಪೆಟ್ಟಿಗೆಯನ್ನು ಬಿಚ್ಚಿ, ಉರಿ ಬರುವ ಕೊಳವೆಯ ಬಾಯಿಯಿಂದ ಒಂದು ಹಿಡಿ ಜೇಡರ ಬಲೆ ಎಳೆದು ನನ್ನ ಅಂಗೈ ಮೇಲೆ ಇಟ್ಟ. ಅನಿಲದೊಡನೆ ಬೆರೆಯಬೇಕಾದ ಗಾಳಿ ಹೋಗುವ ದಾರಿಗೆ ಆ ಬಲೆ ಪರದೆ ಕಟ್ಟಿತ್ತು. ಒಂದು ಜೇಡ ಒಳಗಿನಿಂದ ಗಾಳಿ ಕಟ್ಟಿತು. ಒಬ್ಬ ಮಾಸ್ತರ ಹೊರಗಿನಿಂದ ಕಟ್ಟಿದ. ಈಗ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಅವನು ಬಂದು ತೊಳೆದು ಹೋಗುತ್ತಾನೆ. ಮನೆಯ ಮಾಡನ್ನು ಮಳೆಗೆ ಮುಂಚೆ ಕೈಯಾಡಿಸುವವರಿಗೆ ಇದು ಹೊಸ ಕೆಲಸವೇನಲ್ಲ.

ನೀರಿನ ಒತ್ತಡದ್ದು ಬೇರೆಯೇ ಕಥೆ. ನಮ್ಮದು ಗುಡ್ಡದ ಒರತೆಯ ನೀರು, ತಾನಾಗಿ ಇಳಿದು ಬರುವುದು. ಬೇಸಿಗೆಯಲ್ಲಿ ಸಣ್ಣಗಾದರೆ ಯಂತ್ರ ಹೊತ್ತುವುದೇ ಇಲ್ಲ. ಆಗ ಹಳೆಯ ಕೊಟ್ಟಿಗೆಯೇ ಗತಿ. ಅದನ್ನು ಕೆಡವಬೇಕೆಂದಿದ್ದೆ, ಕೆಡವಲಿಲ್ಲ.

ಎಲ್ಲ ಮುಗಿದ ದಿನ ಅಕ್ಕ ಹಿಂದಿನ ಜಗಲಿಗೆ ಬಂದು, ಪೆಟ್ಟಿಗೆಯನ್ನು ಮೇಲೆ ಕೆಳಗೆ ನೋಡಿ, "ಹಾಗಾದರೆ ಒಲೆಯ ಬಾಯಿ ಹೊರಗೇ ಬಂತು" ಎಂದಳು. ನಾನು ಹಳೆಯ ಕೊಟ್ಟಿಗೆಯ ಕಡೆ ನೋಡಿದೆ. ಬೆಂಕಿ ಹೊರಗೆ, ಬಿಸಿನೀರು ಒಳಗೆ. ಬೆರಳು ತೂರುವ ಸಂದು ಬಿಟ್ಟು ಕಟ್ಟಿದ ಸೀಳುಗಳು. ಬಡತನಕ್ಕೆ ಹಾಗೆ ಕಟ್ಟಿದ್ದು ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅಜ್ಜನಿಗೆ ಮೊನಾಕ್ಸೈಡಿನ ಹೆಸರು ಗೊತ್ತಿರಲಾರದು. ಹೊಗೆ ಗೊತ್ತಿತ್ತು. ಹೊಗೆ ಕಣ್ಣು ಉರಿಸಿ ಹೊರಗಟ್ಟುತ್ತಿತ್ತು. ಈ ಹೊಸ ಬೆಂಕಿಗೆ ಆ ಒರಟುತನವಿಲ್ಲ, ಅದೇ ಕಷ್ಟ.

ಇದನ್ನೆಲ್ಲ ಬರೆಯುವ ಉದ್ದೇಶ ನನಗಿರಲಿಲ್ಲ. ಮನೆಯ ಮಾತು, ಅದೂ ನನ್ನ ಪೆದ್ದತನದ ಮಾತು. ಆದರೆ 2025ರ ಅಕ್ಟೋಬರಿನಲ್ಲಿ ಪಿರಿಯಾಪಟ್ಟಣದ ಸುದ್ದಿ ಬಂತು. ಅಕ್ಕ ತಂಗಿ ಇಬ್ಬರು, ಇನ್ನೂ ಹುಡುಗಿಯರು, ಗ್ಯಾಸ್ ಗೀಸರಿನ ಬಚ್ಚಲಿಗೆ ಸ್ನಾನಕ್ಕೆ ಹೋದವರು ಮರಳಲಿಲ್ಲ. ಅಕ್ಕನಿಗೆ ಕಣ್ಣು ಮಂಜು. ದಿನವೂ ಪತ್ರಿಕೆ ಓದಿ ಹೇಳುವವನು ನಾನು. ಇದನ್ನು ಹಾರಿಸಿಬಿಡೋಣವೆಂದುಕೊಂಡೆ, ಆದರೆ ದನಿ ತಡವರಿಸಿದ್ದು ಅವಳಿಗೆ ತಿಳಿಯಿತು. ಓದಿದೆ. ಇಂಥ ಸುದ್ದಿಗಳಲ್ಲಿ ಸಾಮಾನ್ಯವಾಗಿ ಅನಿಲ ಸೋರಿಕೆ ಎಂದು ಬರೆದಿರುತ್ತದೆ. ಆ ಮಾತು ಓದಿದವರು ಮೂಗನ್ನು ನಂಬಿ ಕೂರುತ್ತಾರೆ. ಸೋರುವ ಅನಿಲಕ್ಕೆ ಬೇಕೆಂದೇ ದುರ್ವಾಸನೆ ಬೆರೆಸಿರುತ್ತಾರೆ; ಉರಿದ ಮೇಲೆ ಆ ವಾಸನೆ ಉಳಿಯುವುದಿಲ್ಲ. ಒಂದು ತೊಟ್ಟೂ ಸೋರದ ಹೊಸ ಯಂತ್ರವೂ ಮುಚ್ಚಿದ ಕೋಣೆಯಲ್ಲಿ ಈ ಕೆಲಸ ಮಾಡೀತು.

ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ಆ ಮಕ್ಕಳ ಬಾಗಿಲಿಗೆ ಚಿಲಕ ಹಾಕಿತ್ತಾ?" ಎಂದು ಕೇಳಿದಳು. ಗೊತ್ತಿಲ್ಲ ಎಂದೆ. "ನೀನು ಬೋರ್ಡಿನಲ್ಲಿ ಅಷ್ಟು ವರ್ಷ ಬರೆದವನಲ್ಲ, ಇದನ್ನೂ ಒಂದು ಬರೆ" ಎಂದಳು.

ಆ ವಾರವೇ ದೀಪಾವಳಿ ಕಳೆದಿತ್ತು. ನೀರು ತುಂಬುವ ಸಂಜೆ ಅವಳು ಹಳೆಯ ಕೊಟ್ಟಿಗೆಗೆ ಹೋಗಿ, ಹಂಡೆಯನ್ನು ಹುಳಿ ಹಚ್ಚಿ ತಿಕ್ಕಿ, ಕೊರಳಿಗೆ ಬಳ್ಳಿ ಸುತ್ತಿ, ಬಾವಿಯ ನೀರು ತುಂಬಿಸಿದ್ದಳು. ಕೈಯಲ್ಲಿ ಕುಂಕುಮ ಉಳಿದಿತ್ತು. ಮನೆಗೆ ಮರಳುವಾಗ ಹಿಂದಿನ ಜಗಲಿಯಲ್ಲಿ ನಿಂತು, ಗೋಡೆಯ ಪೆಟ್ಟಿಗೆಗೂ ಒಂದು ಬೊಟ್ಟು ಇಟ್ಟಳು. ಆಮೇಲೆ ಬಗ್ಗಿ ಕಿಂಡಿಯಲ್ಲಿ ನೋಡಿ, "ನಲ್ಲಿ ತಿರುಗಿಸು, ಬಣ್ಣ ನೋಡುವ" ಎಂದಳು. ತಿರುಗಿಸಿದೆ. ನೀಲಿಯೇ ಇತ್ತು.